ಗಿಡುಗ ಎಣಿಸೋ ಬೆಟ್ಟ

ನ್ಯೂಯಾರ್ಕ್, ನಯಾಗರ ನೋಡಿ ಆಯ್ತು, ಮುಂದೇನು ಅಂತ ಕೇಳೋ ಸ್ನೇಹಿತರಿಗೆ ನಾನು ಹೇಳೋದು ಒಂದೇ ಹೆಸರು: ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್. ಹೋಗೋದಾದ್ರೆ ಸೆಪ್ಟೆಂಬರ್ ಮಧ್ಯದಲ್ಲಿ ಹೋಗಿ. ನಾರ್ತ್ ಲುಕ್‌ಔಟ್ ತಲುಪೋಕೆ ಸುಮಾರು ಒಂದು ಮೈಲಿ ಕಾಡುದಾರಿ, ಕೊನೆಗೆ ಕಲ್ಲುಬಂಡೆ. ಕೂರೋಕೆ ಒಂದು ದಿಂಬು ಇಟ್ಕೊಂಡ್ರೆ ಸೊಂಟ ನಿಮ್ಮನ್ನ ಹರಸುತ್ತೆ.

ಮೇಲೆ ಏನಿದೆ ಅಂದ್ರೆ ಬಂಡೆ, ಗಾಳಿ, ಬೈನಾಕ್ಯುಲರ್ ಹಿಡಿದ ಒಂದಷ್ಟು ಜನ. ಕೋಲಿನ ತುದಿಯಲ್ಲಿ ಪ್ಲಾಸ್ಟಿಕ್ ಗೂಬೆ. ಅದನ್ನು ಕಂಡು ಕೆರಳಿದ ಗಿಡುಗಗಳು ಹತ್ತಿರ ಬರುತ್ತವೆ. ಎದುರಿನ ಸಾಲುಬೆಟ್ಟದ ಏರುಗಳಿಗೆ ನಂಬರ್ ಇಟ್ಟಿದ್ದಾರೆ. "ಮೂರರ ಮೇಲೆ ಒಂದು!" ಅಂತ ಯಾರೋ ಕೂಗಿದ್ರೆ ಎಲ್ಲರ ಕತ್ತೂ ಆ ಕಡೆಗೆ. ಎಣಿಸುವವರ ಕೈಯಲ್ಲಿ ಕ್ಲಿಕ್.

ವಾಯವ್ಯದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇಳುತ್ತೆ. ಅದರ ಮೇಲೆ ಹಕ್ಕಿಗಳು ರೆಕ್ಕೆ ಬಡಿಯದೆ ಜಾರಿಕೊಂಡು ದಕ್ಷಿಣಕ್ಕೆ ಹೋಗುತ್ತವೆ. ಬ್ರಾಡ್‌ವಿಂಗ್ಡ್ ಹಾಕ್‌ಗಳದ್ದು ಇನ್ನೊಂದು ಉಪಾಯ: ಬಿಸಿಗಾಳಿ ಏಳುವ ಕಡೆ ಗುಂಪುಗುಂಪಾಗಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ಮುಂದಕ್ಕೆ ಜಾರೋದು. ಅವು ಹೋಗಬೇಕಾದ್ದು ದಕ್ಷಿಣ ಅಮೆರಿಕದವರೆಗೆ. ಅಂಥ ಒಂದು ಸುತ್ತನ್ನು ನಲವತ್ತರ ತನಕ ಎಣಿಸಿ ಕೈಬಿಟ್ಟೆ. ಗರುಡ ಕಂಡಾಗ ನಮ್ಮಜ್ಜಿ ಮಾಡ್ತಿದ್ದ ಹಾಗೆ ಕೈ ತಾನಾಗೇ ಕೆನ್ನೆಗೆ ಹೋಯ್ತು. ಪಕ್ಕದಲ್ಲಿದ್ದವರಿಗೆ ಅರ್ಥವಾಗಲಿಲ್ಲ, ನಾನೂ ವಿವರಿಸಲಿಲ್ಲ.

ಇದೇ ಬೆಟ್ಟದಲ್ಲಿ ಒಂದು ಕಾಲಕ್ಕೆ ಜನ ಬಂದೂಕು ಹಿಡಿದು ಕೂರ್ತಿದ್ರು. ಗಾಸ್‌ಹಾಕ್ ಕೊಂದವರಿಗೆ ರಾಜ್ಯವೇ 5 ಡಾಲರ್ ಬಹುಮಾನ ಕೊಡ್ತಿತ್ತು. 1934ರಲ್ಲಿ ನ್ಯೂಯಾರ್ಕಿನ ರೋಸಲಿ ಎಡ್ಜ್ ಎಂಬ ಗಟ್ಟಿಗಿತ್ತಿ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಅವರನ್ನು ಕಾವಲಿಗೆ ಇಟ್ಟರು. ಬ್ರೌನ್ ಅದೇ ವರ್ಷ ಎಣಿಸಲು ಶುರುಮಾಡಿದರು. ಮಹಾಯುದ್ಧದ ಕಾಲ ಬಿಟ್ಟರೆ ಲೆಕ್ಕ ಇವತ್ತಿಗೂ ನಿಂತಿಲ್ಲ.

ಎಣಿಸಿ ಏನು ಉಪಯೋಗ ಅಂತ ಕೇಳೋರಿಗೆ ಬಾಲ್ಡ್ ಈಗಲ್ ಲೆಕ್ಕ ಸಾಕು. 1935-39ರಲ್ಲಿ ಕಂಡ ಈಗಲ್‌ಗಳಲ್ಲಿ ಸುಮಾರು 40 ಶೇಕಡಾ ಮರಿಪ್ರಾಯದವು. 1955-59ಕ್ಕೆ ಅದು 20ಕ್ಕೆ ಇಳಿದಿತ್ತು. ಅಂದ್ರೆ ದೊಡ್ಡವು ಇದ್ದವು, ಮರಿಗಳು ಬರ್ತಿರಲಿಲ್ಲ. ರೇಚಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್'ನಲ್ಲಿ ಡಿಡಿಟಿ ವಿರುದ್ಧ ಇದೇ ಅಂಕಿಗಳನ್ನು ಮುಂದಿಟ್ಟರು. ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಅದು ನಿಷೇಧವಾಯ್ತು. ದಿನವಿಡೀ ಡ್ಯಾಶ್‌ಬೋರ್ಡ್ ನೋಡೋ ನನ್ನಂಥವನಿಗೂ ಇಷ್ಟು ಕೆಲಸಕ್ಕೆ ಬಂದ ಡೇಟಾ ಕಂಡಿದ್ದು ಕಡಿಮೆ.

ಈಗ ಈಗಲ್ ಚೇತರಿಸಿಕೊಂಡಿದೆ. ಕಡಿಮೆಯಾಗ್ತಿರೋದು ಕೆಸ್ಟ್ರೆಲ್, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಚಾಣ. ಕಾರಣ ಇದೇ ಅಂತ ಬೆರಳಿಟ್ಟು ತೋರಿಸೋಕೆ ಈ ಸಲ ಒಂದು ಡಿಡಿಟಿ ಇಲ್ಲ. ನಾನಿದ್ದ ಮಧ್ಯಾಹ್ನ ಒಂದು ಗಂಟೆ ಪೂರ್ತಿ ಒಂದೂ ಬರಲಿಲ್ಲ. ಎಣಿಸುತ್ತಿದ್ದ ಹಿರಿಯರು ಆ ಕಾಲಂನಲ್ಲಿ ಸೊನ್ನೆ ಬರೆದು, ಮತ್ತೆ ಬೈನಾಕ್ಯುಲರ್ ಎತ್ತಿದರು.

ಲೆಕ್ಕ ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ ನಡೆಯುತ್ತೆ. ಗೋಲ್ಡನ್ ಈಗಲ್ ನೋಡಬೇಕಿದ್ದರೆ ನವೆಂಬರ್ ಒಳ್ಳೇದು, ದಪ್ಪ ಜಾಕೆಟ್ ಮರೀಬೇಡಿ.