ಮಾಗಿಯ ಚಳಿಯಲ್ಲಿ ಕಲಿತ ಪಾಠ

ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗ ಪರೀಕ್ಷೆ, ಪಾರಿತೋಷಕ, ಕ್ರಿಸ್ಮಸ್ ನಾಟಕಗಳ ಮಾತು ಬರುವುದು ಸಹಜವು. ನಮಗಾದರೋ ಮೊದಲು ನೆನಪಾಗುವುದು ಶಾಲೆಯ ಹಿಂದಣ ತೋಟದ ಕೆಂಪು ಮಣ್ಣು.

ಅದು 1958ನೆಯ ಇಸವಿಯ ಡಿಸೆಂಬರ್ ತಿಂಗಳ ಮೊದಲ ವಾರ. ಹಿಂಗಾರಿನ ಮಳೆ ನಿಂತು ಬೆಂಗಳೂರಿನಲ್ಲಿ ಮಾಗಿಯ ಚಳಿ ಕಾಲಿಟ್ಟಿತ್ತು. ಬೆಳಗಿನ ಪ್ರಾರ್ಥನೆ ಮುಗಿದೊಡನೆ ನಮ್ಮ ತರಗತಿಯವರು ಗುದ್ದಲಿಗಳನ್ನು ಹಿಡಿದು ತೋಟಕ್ಕೆ ಹೋಗುತ್ತಿದ್ದೆವು. ಹುಲ್ಲಿನ ಇಬ್ಬನಿಯಿಂದ ಪಾದಗಳು ಮರಗಟ್ಟುತ್ತಿದ್ದವು. ಬೆರಳುಗಳು ಗುದ್ದಲಿಯ ಹಿಡಿಯನ್ನು ಸುತ್ತಲಾರದೆ ಹೋಗುತ್ತಿದ್ದವು. ಒಂದು ಅಡಿ ಅಗಲದ ಕಾಲುವೆಯನ್ನು ತೋಡಿ, ಮೇಲ್ಮಣ್ಣನ್ನು ಬದಿಗಿಟ್ಟು, ಅಡಿಯ ಮಣ್ಣನ್ನು ಮೇಲೆ ತಾರದೆ ಇದ್ದಲ್ಲಿಯೇ ಸಡಲಿಸಿ, ಕಳಿತ ಕೊಟ್ಟಿಗೆ ಗೊಬ್ಬರವನ್ನು ಹರಡುತ್ತಿದ್ದೆವು. ಮುಂದಿನ ಕಾಲುವೆಯ ಮೇಲ್ಮಣ್ಣು ಇದರ ಮೇಲೆ ಬೀಳಬೇಕು. ಪೈರಿಗೆ ಆಹಾರವಾಗುವ ಸಾರವು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಈ ಕ್ರಮವು.

ನಮ್ಮ ಕೈಯಲ್ಲಿ ಒಂದು ಇಂಗ್ಲಿಷ್ ತೋಟಗಾರಿಕೆಯ ಪುಸ್ತಕವಿತ್ತು. ಚಳಿಗಾಲದಲ್ಲಿ ಅಗೆದ ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಡಬೇಕೆಂದು ಅದರಲ್ಲಿ ಹೇಳಿತ್ತು. ಇಂಗ್ಲೆಂಡಿನಲ್ಲಿ ಹೆಂಟೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಮಣ್ಣನ್ನು ತಾನೇ ಸೀಳಿ ಪುಡಿಮಾಡುವುದಂತೆ. ಕೆಲಸವು ಕಡಿಮೆಯಾಯಿತೆಂದು ನಾವು ಹಿಗ್ಗಿದೆವು.

ಆಗ ವಸತಿಗೃಹದ ಒಬ್ಬ ಹುಡುಗಿ, ಹೊಲದ ಕೂಲಿಯವರ ಮಗಳು, ಮೆಲ್ಲನೆ, “ಹಸಿ ಇರುವಾಗಲೇ ಒಡೆಯಬೇಕು, ಅಕ್ಕಾ. ಬಿಸಿಲು ಕಂಡರೆ ಇಟ್ಟಿಗೆಯಾಗುತ್ತವೆ” ಎಂದಳು. ಮನೆಗಳಿಂದ ಬರುತ್ತಿದ್ದ ನಾವು ನಕ್ಕೆವು. “ಪುಸ್ತಕ ಬರೆದವರಿಗಿಂತ ನೀನು ಬಲ್ಲೆಯೋ?” ಎಂದೆವು. ಅವಳು ತಲೆತಗ್ಗಿಸಿ ತನ್ನ ಪಾತಿಯ ಹೆಂಟೆಗಳನ್ನು ಒಡೆದು, ಮೇಲೆ ತರಗೆಲೆಗಳನ್ನು ಹೊದಿಸಿದಳು.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ನೆಯ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಆ ಪುಸ್ತಕವು ತನ್ನ ನಾಡಿಗೆ ಸತ್ಯವನ್ನೇ ಹೇಳಿತ್ತು. ನಮ್ಮ ನಾಡು ಯಾವುದೆಂದು ನಾವೇ ಮರೆತಿದ್ದೆವು. ಭೂಗೋಳದಲ್ಲಿ ಒಳ್ಳೆಯ ಅಂಕಗಳನ್ನು ಪಡೆದವರ ಸ್ಥಿತಿ ಇದು!

ಕ್ರಿಸ್ಮಸ್ ರಜೆ ಮುಗಿಸಿ ಬಂದು ನೋಡಲಾಗಿ ನಮ್ಮ ಹೆಂಟೆಗಳು ಕಲ್ಲಾಗಿದ್ದವು. ಗುದ್ದಲಿ ಹಾಕಿದರೆ ಪುಟಿದು ಬರುತ್ತಿತ್ತು. ಅವಳ ಪಾತಿಯಲ್ಲಿ ತರಗೆಲೆಗಳನ್ನು ಸರಿಸಿದರೆ ಮಣ್ಣು ರವೆಯಂತೆ ಉದುರುತ್ತಿತ್ತು, ಎರೆಹುಳುಗಳು ಹೊರಳುತ್ತಿದ್ದವು. ನಮಗೆ ಮಾತೇ ಹೊರಡಲಿಲ್ಲ. ಅಂದು ಸಂಜೆ ಅವಳು ಯಾರೂ ಕರೆಯದೆ ಬಂದು ನಮ್ಮ ಹೆಂಟೆಗಳಿಗೆ ಕೊಡಗಳಿಂದ ನೀರು ಹನಿಸಿದಳು. ಮರುದಿನ ಮಂಜು ಕರಗುವ ಮುನ್ನವೇ ಕೊಡತಿಯನ್ನು ಹಿಡಿದು ನಮ್ಮೊಡನೆ ಒಡೆಯತೊಡಗಿದಳು. ಚಳಿಗೆ ಬಿರಿದ ಅವಳ ಅಂಗೈಗಳಲ್ಲಿ ರಕ್ತವು ಜಿನುಗುತ್ತಿತ್ತು. ಆದರೆ ಅವಳ ಬಾಯಿಂದ “ನಾನು ಹೇಳಲಿಲ್ಲವೇ?” ಎಂಬ ಮಾತು ಬರಲೇ ಇಲ್ಲ.

ನಮ್ಮ ಬಾಯಿಂದಲೂ “ಕ್ಷಮಿಸು” ಎಂಬ ಮಾತು ಬರಲಿಲ್ಲ. ನಾಳೆ ಹೇಳೋಣವೆಂದು ನಾವು ಒಬ್ಬರ ಮುಖವನ್ನೊಬ್ಬರು ನೋಡುತ್ತ ದಿನಗಳನ್ನು ಕಳೆದೆವು. ಆ ಪಾತಿಗಳಲ್ಲಿ ಬೆಳೆದ ನವಿಲುಕೋಸನ್ನು ಎಲ್ಲರೂ ಕೂಡಿ ಉಂಡೆವು. ಬೇಸಗೆಯ ರಜೆಯ ನಂತರ ಅವಳು ಶಾಲೆಗೆ ಮರಳಲಿಲ್ಲ. ಎಲ್ಲಿಗೆ ಹೋದಳೆಂಬುದು ನಮಗೆ ತಿಳಿದುಬರಲಿಲ್ಲ.

ಬಿತ್ತುವವನ ಸಾಮ್ಯವನ್ನು ದೇವಾಲಯದಲ್ಲಿ ಕೇಳುವಾಗಲೆಲ್ಲ, ಒಳ್ಳೆಯ ನೆಲವು ತಾನಾಗಿ ಒಳ್ಳೆಯದಾಗಿರಲಾರದು, ಯಾರದೋ ಕೈ ಅದನ್ನು ಒಡೆದು ಹದಮಾಡಿರಬೇಕೆಂದು ನಮಗೆ ತೋರುತ್ತದೆ. ತಾಯ್ತಂದೆಗಳೇ, ನಿಮ್ಮ ಹೆಣ್ಣುಮಕ್ಕಳು ಮಣ್ಣಾದ ಕೈಗಳೊಡನೆ ಮನೆಗೆ ಬಂದರೆ ಗದರಿಸಬೇಡಿರಿ. ಇಂದು ಯಾರ ಪಕ್ಕದಲ್ಲಿ ಅಗೆದಿರೆಂದು ಮಾತ್ರ ಕೇಳಿರಿ. ಈ ಸಂಚಿಕೆಯು ಒಂದು ವೇಳೆ ಆ ನಮ್ಮ ಸಹೋದರಿಯ ಕೈ ಸೇರಿದರೆ, ಅಂದು ಹೇಳದೆ ಉಳಿದ ಮಾತನ್ನು ಅವಳು ಇಲ್ಲಿ ಓದಿಕೊಳ್ಳಲಿ. ನಮ್ಮನ್ನು ಕ್ಷಮಿಸು, ತಂಗೀ.