ಕಟ್ಟೆಯ ಮೇಲಿನ ಫ್ರೆಂಚ್ ಪಾಠ

ಹುಬ್ಬಳ್ಳಿಯ ದೇಶಪಾಂಡೆ ನಗರವು ಸಂಗೀತಪ್ರಿಯರಿಗೆ ಅಪರಿಚಿತ ಸ್ಥಳವಲ್ಲ. ಗಂಗೂಬಾಯಿ ಹಾನಗಲ್ಲರು (1913–2009) ಬಾಳಿದ ಮನೆ ‘ಗಂಗಾಲಹರಿ’ ಇಲ್ಲಿಯೇ ಇದೆ. ಅವರ ಗುರುಗಳಾದ ಸವಾಯಿ ಗಂಧರ್ವರ ಹೆಸರಿನ ಕಲಾಮಂದಿರವೂ ಇಲ್ಲಿಯೇ. ಕಿವಿಯಿಂದಲೇ ವಿದ್ಯೆ ಕಲಿತವರ ಈ ಬಡಾವಣೆಯಲ್ಲಿ, ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು, ಕಳೆದ ಬೇಸಗೆಯಲ್ಲಿ ನಾನೂ ಒಂದು ಪಾಠ ಹೇಳಬೇಕಾಯಿತು. ಅಕ್ಕನ ಮಗಳು ವಿದ್ಯಾಭ್ಯಾಸಕ್ಕೆಂದು ಫ್ರಾನ್ಸಿಗೆ ಹೊರಟಿದ್ದಳು; ನನಗೆ ಒಂದಿಷ್ಟು ಫ್ರೆಂಚ್ ಬರುತ್ತದೆ.

“ಮಾಮಾ, ಬರದದ್ದನ್ನ ಅವರು ಯಾಕ ಓದೂದಿಲ್ಲ?” ಎಂದು ಮೊದಲ ದಿನವೇ ಪುಸ್ತಕ ಮುಚ್ಚಿದಳು. ನಾವು ‘ಪ್ಯಾರಿಸ್’ ಎನ್ನುವ ಊರು ಅವರ ಬಾಯಲ್ಲಿ ‘ಪಾ-ರಿ’; ಕೊನೆಯ ಸಕಾರವು ಕಾಗದದ ಮೇಲೆಯೇ ಉಳಿಯುತ್ತದೆ.

ಆದರೆ ಕನ್ನಡಿಗರಿಗೆ ಈ ನುಡಿ ಅಷ್ಟೇನೂ ದೂರವಲ್ಲ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನವು ಮುಂದಿನ ಸ್ವರವನ್ನು ಸೇರುತ್ತದೆ: ಪ್ರಾಣಿಗೆ ‘ಆ-ನಿ-ಮಾಲ್’. ನಮ್ಮ ಕಾಗುಣಿತದ ನಡೆಯೂ ಇದೇ. ಇಂಗ್ಲಿಷಿನಂತೆ ಒಂದಕ್ಷರವನ್ನು ಮೆರೆಸಿ ಉಳಿದವನ್ನು ನುಂಗುವುದಿಲ್ಲ. ಎಲ್ಲಕ್ಕೂ ಹೆಚ್ಚುಕಡಿಮೆ ಸಮಪಾಲು, ಕೊನೆಯದಕ್ಕೆ ಮಾತ್ರ ತುಸು ಒತ್ತು.

ಸಂಧಿಯಂಥದೂ ಉಂಟು. ‘ಮನೆ’ಗೆ ‘ಅಲ್ಲಿ’ ಸೇರುವಾಗ ನಾವು ಯಕಾರವನ್ನು ಹೊಸದಾಗಿ ಕರೆತರುತ್ತೇವೆ. ಅವರು ಮಲಗಿದ್ದ ಅಕ್ಷರವನ್ನೇ ಎಬ್ಬಿಸುತ್ತಾರೆ. ‘ಲೇ’ ಎಂಬ ಪದದ ಕೊನೆಗೆ ಬರೆದೂ ಉಚ್ಚರಿಸದ ಸಕಾರವೊಂದಿದೆ. ಮುಂದೆ ‘ಆಮಿ’, ಎಂದರೆ ಸ್ನೇಹಿತರು, ಬಂದೊಡನೆ ಅದು ಎಚ್ಚೆತ್ತು ‘ಲೇ-ಜ಼ಾ-ಮಿ’ ಆಗುತ್ತದೆ.

ತೊಡಕಾದದ್ದು ಒತ್ತಕ್ಷರ. ‘ಪತ್ರ’ವನ್ನು ನಾವು ‘ಪತ್-ರ’ ಎಂದು ಒಡೆಯುತ್ತೇವೆ. ಆದುದರಿಂದಲೇ ಛಂದಸ್ಸಿನಲ್ಲಿ ಅದರ ಮೊದಲಕ್ಷರ ಗುರು. ಅವರೋ ಏಪ್ರಿಲ್ ತಿಂಗಳನ್ನು ‘ಆ-ವ್ರಿಲ್’ ಎನ್ನುತ್ತ ಜೋಡಿಯನ್ನು ಒಡೆಯದೆ ಮುಂದಕ್ಕೆ ತಳ್ಳುತ್ತಾರೆ. ಚೆಲುವೆಗೆ ‘ಬೆಲ್’ ಎನ್ನುವಲ್ಲಿ ಲಕಾರವನ್ನು ಎರಡು ಸಲ ಬರೆದರೂ ಕಿವಿಗೆ ಬೀಳುವುದು ಒಂದೇ.

“ಹಂಗಾದ್ರ ನಮ್ಮ ಊರಿನ ಗತಿ?” ಎಂದಳು ಹುಡುಗಿ.

ಅವರ ಪದ್ಧತಿಯಂತೆ ಓದಿ ತೋರಿಸಿದೆ. ಹಕಾರ ಮೂಕ. ಉಕಾರವೆಂದರೆ, ತುಟಿ ದುಂಡಗೆ ಮಾಡಿ ‘ಇ’ ಎನ್ನಬೇಕು. ದ್ವಿತ್ವ ಎರಡೂ ಸಡಿಲ, ಳಕಾರ ಲಕಾರ. ಉಳಿದದ್ದು ‘ಉ-ಬಾ-ಲಿ’! ಅವಳು ನಗಲಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹುಬ್ಳಿ’ ಹೋಗಿ ಅಧಿಕೃತವಾಗಿ ‘ಹುಬ್ಬಳ್ಳಿ’ ಬಂದಿತ್ತು. ಮರಳಿ ದೊರೆತ ಅಕ್ಷರಗಳನ್ನು ಪರದೇಶದಲ್ಲಿ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ.

ಮೊನ್ನೆ ಅಲ್ಲಿಂದ ಫೋನು ಮಾಡಿದ್ದಳು. ಮನೆಯೊಡತಿಯಿಂದ ‘ಪಾ-ರಿ’ ಕಲಿತು, ಆಕೆಗೆ ‘ಹುಬ್-ಬಳ್-ಳಿ’ ಕಲಿಸುತ್ತಿದ್ದಾಳಂತೆ. ಎರಡು ಬಕಾರಗಳೂ ಈಗ ಸ್ಪಷ್ಟವಾಗಿ ಬರುತ್ತವೆ.

“ಳಕಾರ ಇನ್ನೂ ಬಾಕಿ ಅದ, ಮಾಮಾ” ಎಂದಳು.