ಮಾತಿಲ್ಲದ ಜೀವದ ನವೆ

ಮನುಷ್ಯನಿಗೆ ನೋವಾದರೆ ಹೇಳಿಕೊಳ್ಳಲು ಬಾಯಿಯುಂಟು, ಕೇಳಿಸಿಕೊಳ್ಳಲು ನೆರೆಹೊರೆಯುಂಟು. ಮನೆಯ ಬಾಗಿಲು ಕಾಯುವ ನಾಯಿಯ ಸಂಕಟವನ್ನಾದರೋ ನಾವೇ ಅದರ ಮೈಯಿಂದ ಓದಿಕೊಳ್ಳಬೇಕು. ಕಾಲು ಮುರಿದ ನಾಯಿ ಕುಂಟುತ್ತದೆ. ನೋಡಿದವರು 'ಅಯ್ಯೋ ಪಾಪ' ಎನ್ನುತ್ತಾರೆ. ನವೆಯಿಂದ ನರಳುವ ನಾಯಿಯನ್ನು ಕಂಡರೆ ಮಾತ್ರ ಜನರಲ್ಲಿ ಮರುಕಕ್ಕೆ ಮೊದಲು ಹೇಸಿಗೆ ಹುಟ್ಟುತ್ತದೆ. 'ಕಜ್ಜಿನಾಯಿ' ಎಂಬ ಮಾತು ನಮ್ಮಲ್ಲಿ ಬೈಗುಳವಾಗಿ ನಿಂತಿರುವುದೇ ಇದಕ್ಕೆ ಸಾಕ್ಷಿ. ಇಂತಹ ಒಂದು ಪುಟ್ಟ ಜೀವವನ್ನು ಕೆಲವು ವರ್ಷಗಳಿಂದ ಸಲಹುತ್ತಿರುವ ಅನುಭವವನ್ನು ಸಹೃದಯ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮ ಸಂಸಾರ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳಲ್ಲಿ ಹರಡಿಕೊಂಡಿದೆ. ನಾವು ವಾಸವಿರುವುದು ಕಡೂರಿನಲ್ಲಿ. ಮಗಳನ್ನು ಕೊಟ್ಟಿರುವುದು ತರೀಕೆರೆಗೆ. ಹಿರಿಯರ ಮನೆ, ಹೊಲ, ದನದ ಕೊಟ್ಟಿಗೆ ಇರುವುದು ಅಜ್ಜಂಪುರದ ಬಳಿ. ಒಂದೇ ಜಿಲ್ಲೆಯಾದರೂ ಮೂರರ ಹವೆಯೂ ಬೇರೆ ಬೇರೆ. ಕಡೂರು ಮಳೆ ಕಡಿಮೆಯ ಬಯಲುಸೀಮೆ, ತೆಂಗು ರಾಗಿಗಳ ನಾಡು. ತರೀಕೆರೆಯಲ್ಲಿ ಮಲೆನಾಡಿನ ತಂಪು ಆರಂಭವಾಗುತ್ತದೆ. ಅಡಿಕೆ ತೋಟಗಳ ತೇವ ಗೋಡೆಗೂ ಏರುತ್ತದೆ. ಅಜ್ಜಂಪುರದ ಸುತ್ತ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು. ಹಬ್ಬ ಹುಣ್ಣಿಮೆ, ಮದುವೆ ಮುಂಜಿಗಳಿಗೆ ನಾವು ಹೋದಲ್ಲೆಲ್ಲ ನಮ್ಮೊಡನೆ 'ಮಲ್ಲಿ'ಯೂ ಬರುತ್ತಾಳೆ. ಮಲ್ಲಿ ಎಂದರೆ ಆರು ಕಿಲೋ ತೂಕದ, ಬಿಳಿ ರೋಮದ ಪುಟ್ಟ ನಾಯಿ. ಊರಿನವರು ಇದನ್ನು ಪಮೇರಿಯನ್ ಎನ್ನುವರು. ತಳಿ ಬಲ್ಲವರು ಇಂಡಿಯನ್ ಸ್ಪಿಟ್ಜ್ ಎನ್ನುವರು.

ಎರಡು ವರ್ಷ ತುಂಬುವವರೆಗೆ ಮಲ್ಲಿ ಆರೋಗ್ಯವಾಗಿಯೇ ಇದ್ದಳು. ಅನಂತರ ಪಾದ ನೆಕ್ಕುವುದು ಶುರುವಾಯಿತು. ಬಿಳಿಯ ಪಾದಗಳು ಎಂಜಲಿನಿಂದ ಕಂದುಬಣ್ಣಕ್ಕೆ ತಿರುಗಿದವು. ಬಳಿಕ ಕಿವಿ ಕೆರೆತ, ಹೊಟ್ಟೆಯ ಅಡಿ ಕೆಂಪು, ಬಾಲದ ಬುಡದಲ್ಲಿ ರೋಮ ಉದುರಿ ಬೋಳು. ರಾತ್ರಿಯೆಲ್ಲ ಕೊರಳಪಟ್ಟಿಯ ಗೆಜ್ಜೆ ಕೆರೆತದ ರಭಸಕ್ಕೆ ಅಲುಗುತ್ತಲೇ ಇರುತ್ತಿತ್ತು. ಅದಕ್ಕೂ ನಿದ್ರೆಯಿಲ್ಲ, ಮನೆಗೂ ನಿದ್ರೆಯಿಲ್ಲ.

ಆಗ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ಒಬ್ಬರು ಸೀಮೆಎಣ್ಣೆ ಸವರಿ ಎಂದರು. ಮತ್ತೊಬ್ಬರು ಗಾಡಿಯ ಹಳೆಯ ಆಯಿಲ್ ಎಂದರು. ಹೊಗೆಸೊಪ್ಪಿನ ನೀರು, ಫಿನಾಯಿಲ್, ಕರ್ಪೂರದೆಣ್ಣೆ, ಹೀಗೆ ಪಟ್ಟಿ ಬೆಳೆಯಿತು. ಬಂಧುಗಳೊಬ್ಬರು, "ಮೊಮ್ಮಕ್ಕಳಿರುವ ಮನೆ, ಬೀರೂರು ಜಂಕ್ಷನ್ನಿನ ಬಳಿ ಬಿಟ್ಟುಬನ್ನಿ, ಹೇಗೋ ಬದುಕಿಕೊಳ್ಳುತ್ತದೆ" ಎಂದೂ ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ. ಮಕ್ಕಳಿಗೆ ಅಂಟೀತೆಂಬ ಭಯ. ಆದರೆ ಅನ್ನವಿಟ್ಟು ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ಕಾರಣವಿಲ್ಲದೆ ಬಿಟ್ಟುಬರುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಗಿಂತ ಮೊದಲು ನಮ್ಮ ಮನಸ್ಸೇ ಅದನ್ನು ಒಪ್ಪಲಿಲ್ಲ. ಹಾಗೆಂದು ಮಕ್ಕಳ ವಿಷಯವನ್ನು ಅಲಕ್ಷಿಸುವಂತೆಯೂ ಇರಲಿಲ್ಲ. ಇದು ಅಂಟುವ ರೋಗವೋ ಅಲ್ಲವೋ ಎಂಬುದು ಮೊದಲು ತಿಳಿಯಬೇಕಿತ್ತು. ಅದಕ್ಕಾಗಿ ಪಶುವೈದ್ಯರ ಬಳಿಗೆ ಹೊರಟೆವು.

ನಾಯಿಯನ್ನು ಕಂಕುಳಲ್ಲಿ ಹಿಡಿದು ಆಸ್ಪತ್ರೆಗೆ ಹೊರಟಾಗ ದಾರಿಯಲ್ಲಿ ನಕ್ಕವರಿದ್ದರು. ವಿಚಿತ್ರವೆಂದರೆ, ನಮ್ಮ ಸೀಮೆ ದನದ ಆರೈಕೆಗೆ ಹೆಸರಾದ ಸೀಮೆ. ಚಿಕ್ಕದೇವರಾಜ ಒಡೆಯರು (೧೬೭೨-೧೭೦೪) 'ಬೆಣ್ಣೆ ಚಾವಡಿ'ಯನ್ನು ಏರ್ಪಡಿಸಿದರು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ 'ಅಮೃತಮಹಲ್' ಎಂಬ ಹೆಸರಾಯಿತು. ಆ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿಯೇ ಇದೆ. ಹಸುವಿನ ಕೆಚ್ಚಲು ಬಾತರೆ ಓಡಿಬರುವ ಊರಿನಲ್ಲಿ ನಾಯಿಯ ಚರ್ಮರೋಗಕ್ಕೆ ವೈದ್ಯರೇಕೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ.

ವೈದ್ಯರು ಮೊದಲು ಮಾಡಿದ ಕೆಲಸ ಬಹಳ ಸರಳವಾದುದು. ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ನುಚ್ಚನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಹತ್ತಿ ಕೆಂಪಾಯಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿದ್ದುದು ಮಲ್ಲಿಯದೇ ರಕ್ತ. ಬಳಿಕ ಅಲಗಿನಿಂದ ಚರ್ಮವನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿಯ ನುಸಿ ಕಾಣಲಿಲ್ಲ. ಹುಳುಕಡ್ಡಿಯ ಗುರುತೂ ಇರಲಿಲ್ಲ. "ಕಜ್ಜಿ, ಹುಳುಕಡ್ಡಿಗಳಾದರೆ ಮಕ್ಕಳಿಗೆ ಅಂಟಬಲ್ಲವು, ಇದು ಅಲರ್ಜಿ, ಅಂಟುವುದಿಲ್ಲ" ಎಂದು ಅವರು ಹೇಳಿದಾಗ ಮನೆಗೆ ನೆಮ್ಮದಿಯಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬಂತು: "ಇದು ಬೇರು ಸಹಿತ ಹೋಗುವ ಕಾಯಿಲೆಯಲ್ಲ. ಹತೋಟಿಯಲ್ಲಿಡಬಹುದು. ನಿಮಗೆ ತಾಳ್ಮೆ ಬೇಕು."

ಅಲರ್ಜಿಯೆಂದರೆ, ಇತರರಿಗೆ ನಿರುಪದ್ರವಿಯಾದ ವಸ್ತುವನ್ನು ದೇಹವು ಶತ್ರುವೆಂದು ಭಾವಿಸಿ ಹೋರಾಡುವುದು. ನಾಯಿಗಳಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು: ಚಿಗಟದ ಜೊಲ್ಲು, ತಿನ್ನುವ ಆಹಾರ, ಧೂಳಿನ ನುಸಿ, ಪರಾಗ, ಬೂಷ್ಟು ಮುಂತಾದ ಪರಿಸರದ ಕಣಗಳು. ಒಂದೇ ನಾಯಿಯಲ್ಲಿ ಮೂರೂ ಕೂಡಿರಬಹುದು. ಆದ್ದರಿಂದ ಒಂದೊಂದನ್ನೇ ಕಳೆಯುತ್ತ ಹೋಗಬೇಕು. ಇದಕ್ಕಾಗಿ ವೈದ್ಯರು ನಮಗೊಂದು ನೇಮ ವಿಧಿಸಿದರು. ದಿನವೂ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ನವೆಗೆ ೦ಯಿಂದ ೧೦ರವರೆಗೆ ಒಂದು ಅಂಕ ಹಾಕಬೇಕು. ಯಾವ ಊರಿನಲ್ಲಿದ್ದೆವು, ಮೈಯ ಯಾವ ಭಾಗ ಕೆರೆದುಕೊಂಡಳು ಎಂಬುದನ್ನೂ ಬರೆಯಬೇಕು.

ಕೆಲವೇ ತಿಂಗಳಲ್ಲಿ ಆ ಕ್ಯಾಲೆಂಡರ್ ಮಾತನಾಡತೊಡಗಿತು. ಅಜ್ಜಂಪುರದ ಕೊಟ್ಟಿಗೆಯ ಬಳಿ ಮಲಗಿ ಬಂದ ವಾರ ಬಾಲದ ಬುಡ, ಹಿಂದೊಡೆಗಳ ಕೆರೆತ. ಅದು ಚಿಗಟದ ಗುರುತು. ಮಳೆಗಾಲದಲ್ಲಿ ತರೀಕೆರೆಯಲ್ಲಿದ್ದರೆ ಕಿವಿ, ಪಾದ, ಕಂಕುಳು ಕೆಂಪು. ಧೂಳಿನ ನುಸಿಗೂ ಬೂಷ್ಟಿಗೂ ತೇವವೇ ಬಂಧು. ಕಡೂರಿನಲ್ಲಿ ಬೇಲಿಸಾಲಿನ ಕಾಂಗ್ರೆಸ್ ಗಿಡ ಹೂಬಿಟ್ಟ ದಿನಗಳಲ್ಲಿ ಹೊಟ್ಟೆಯ ಅಡಿ ಉರಿ. ೧೯೫೦ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಪಾರ್ಥೇನಿಯಂ ಮನುಷ್ಯರ ಚರ್ಮಕ್ಕೂ ಉಸಿರಿಗೂ ಉಪದ್ರವಕಾರಿಯೆಂಬುದು ಎಲ್ಲರೂ ಬಲ್ಲ ಸಂಗತಿ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ೧೯೮೩ರಲ್ಲಿ ಬೆಂಗಳೂರಿಗೆ ತರಿಸಿ, ಮರುವರ್ಷ ಹೊರಗೆ ಬಿಟ್ಟರೂ ಗಿಡ ನಿರ್ಮೂಲವಾಗಲಿಲ್ಲ. ನಾವು ಮಾಡಿದ್ದು ಇಷ್ಟೇ: ಮನೆಯ ಸುತ್ತಣ ಗಿಡವನ್ನು ಹೂಬಿಡುವ ಮೊದಲೇ ಕೈಚೀಲ ಹಾಕಿಕೊಂಡು ಕೀಳಿಸಿದೆವು.

ಚಿಗಟದ ವಿಷಯದಲ್ಲಿ ತಿಳಿಯಬೇಕಾದ ಮಾತೊಂದುಂಟು. ನಾಯಿಯ ಮೈಮೇಲೆ ಕಾಣುವುದು ಒಟ್ಟು ಸಂತತಿಯ ನೂರರಲ್ಲಿ ಸುಮಾರು ಐದು ಭಾಗ ಮಾತ್ರ. ಉಳಿದುದು ಮೊಟ್ಟೆ, ಹುಳು, ಗೂಡುಗಳಾಗಿ ಚಾಪೆ, ಗೋಣಿತಾಟು, ನೆಲದ ಸಂದುಗಳಲ್ಲಿ ಅಡಗಿರುತ್ತದೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ನಾಯಿಗೆ ಔಷಧ ಹಾಕಿ ಹಾಸಿಗೆಯನ್ನು ಹಾಗೆಯೇ ಬಿಟ್ಟರೆ ಫಲವಿಲ್ಲ. ಮಲ್ಲಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಮೂಲೆಗಳನ್ನು ಗುಡಿಸುವುದು, ವೈದ್ಯರು ತೂಕ ನೋಡಿ ಕೊಟ್ಟ ಚಿಗಟದ ಔಷಧವನ್ನು ಅಜ್ಜಂಪುರದ ಮನೆಯ ಕಾವಲುನಾಯಿಗೂ ಬೆಕ್ಕಿಗೂ ಅವುಗಳಿಗೆ ತಕ್ಕದ್ದನ್ನೇ ಕೇಳಿ ಹಾಕಿಸುವುದು, ಇವು ಮನೆಯ ಪದ್ಧತಿಯಾದವು. ನಾಯಿಗೆಂದು ತಯಾರಾದ ಕೆಲವು ಔಷಧಗಳು ಬೆಕ್ಕಿನ ಪ್ರಾಣಕ್ಕೇ ಎರವಾಗುವುದರಿಂದ ಇಲ್ಲಿ ಎಚ್ಚರ ಅಗತ್ಯ.

ಇನ್ನು ಆಹಾರ. ನಮ್ಮದು ಶುದ್ಧ ಸಸ್ಯಾಹಾರದ ಮನೆ. ಮಲ್ಲಿ ಉಂಡದ್ದು ಹಾಲನ್ನ, ಮೊಸರನ್ನ, ರಾಗಿಮುದ್ದೆ, ಮಕ್ಕಳು ಕೊಟ್ಟ ಬಿಸ್ಕತ್ತು. ನಾಯಿಗಳಿಗೆ ಹೆಚ್ಚಾಗಿ ಒಗ್ಗದ ಪದಾರ್ಥಗಳಲ್ಲಿ ದನದ ಮಾಂಸ, ಕೋಳಿ, ಗೋಧಿಗಳ ಜೊತೆಗೆ ಹಾಲೂ ಒಂದು. ಅದನ್ನು ಪರೀಕ್ಷಿಸುವ ನಂಬಲರ್ಹವಾದ ದಾರಿಯೆಂದರೆ, ಹಿಂದೆಂದೂ ತಿನ್ನದ ಆಹಾರವನ್ನು ಮಾತ್ರ ಎಂಟು ವಾರ ಕೊಟ್ಟು ನೋಡುವುದು. ವೈದ್ಯರು ಸಂಕೋಚದಿಂದಲೇ ಹೇಳಿದರು: "ಇದು ಎಂದೂ ತಿನ್ನದ್ದು ಮೊಟ್ಟೆ ಮತ್ತು ಗೆಣಸು. ಎರಡನ್ನೂ ಬೇಯಿಸಿ ಕೊಡುವುದಾದರೆ ಪರೀಕ್ಷೆಯೂ ಆಗುತ್ತದೆ, ಪುಷ್ಟಿಯೂ ಸಿಗುತ್ತದೆ."

ಮೊಟ್ಟೆಯ ಹೆಸರು ಕೇಳಿ ಮನೆಯಲ್ಲಿ ಎರಡು ದಿನ ಮಾತೇ ಹೊರಡಲಿಲ್ಲ. ತಲೆಮಾರುಗಳಿಂದ ಹೊಸಿಲೊಳಗೆ ಬಾರದ ವಸ್ತು. ನಾಯಿಗಾಗಿ ಮನೆತನದ ನಡತೆ ಬಿಡುವುದೇ? ನಡತೆಗಾಗಿ ನಾಯಿಯನ್ನು ನರಳಿಸುವುದೇ? ಬೇಳೆಕಾಳುಗಳಿಂದಲೇ ನಡೆಸಲಾಗದೇ ಎಂದು ವಿಚಾರಿಸಿದೆವು. ನಾಯಿ ಸಸ್ಯಾಹಾರದಿಂದಲೂ ಬದುಕಬಲ್ಲದು, ಆದರೆ ಜೀವಸತ್ವ, ಖನಿಜ, ಸಸಾರಜನಕಗಳನ್ನು ಬಲು ಜಾಗ್ರತೆಯಿಂದ ಹೊಂದಿಸಬೇಕು. ಈಗಾಗಲೇ ಚರ್ಮ ಸೊರಗಿರುವಾಗ ಅದು ಕಷ್ಟ ಎಂಬ ಉತ್ತರ ಬಂತು. ಮೂರನೆಯ ದಿನ ಮನೆಯ ಹಿರಿಯರಾದ ನಮ್ಮ ತಾಯಿಯವರು ತಾವಾಗಿಯೇ ಹೇಳಿದರು: "ನೇಮ ಹಿಡಿದವರು ನಾವು, ಅದಲ್ಲ. ಅದರ ಹೊಟ್ಟೆಯ ಮೇಲೆ ನಮ್ಮ ನೇಮ ಹೇರುವುದು ಬೇಡ. ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆ ಇಡಿ." ಎಂಬತ್ತು ದಾಟಿದ ಅವರ ಬಾಯಿಂದ ಆ ಮಾತು ಬಂದ ಮೇಲೆ ಯಾರೂ ಎದುರಾಡಲಿಲ್ಲ. ಅಡುಗೆಮನೆ ಎಂದಿನಂತೆಯೇ ಉಳಿಯಿತು. ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಎದ್ದಿತು. ಬೇರೆ ಮನೆಗಳವರು ಬೇರೆ ರೀತಿ ತೀರ್ಮಾನಿಸಬಹುದು, ಅದಕ್ಕೂ ದಾರಿಯುಂಟು. ನಮ್ಮ ಮನೆಯ ತೀರ್ಮಾನ ಇದಾಯಿತು.

ಎಂಟು ವಾರ ಕಾಯುವುದು ಸುಲಭವಲ್ಲ. ಒಂದು ಚೂರು ಬಿಸ್ಕತ್ತು ಬಾಯಿಗೆ ಬಿದ್ದರೂ ಪರೀಕ್ಷೆ ಕೆಡುತ್ತದೆ. ಮೊಮ್ಮಕ್ಕಳಿಗೇ ಕಾವಲಿನ ಹೊಣೆ ವಹಿಸಿದೆವು. ಅವರು ಬಂದ ನೆಂಟರ ಕೈಯನ್ನೂ ಬಿಡದೆ ಕಾದರು. ೮ರಲ್ಲಿದ್ದ ಅಂಕ ಆರನೆಯ ವಾರ ೫ಕ್ಕೆ, ಎಂಟನೆಯ ವಾರ ೪ಕ್ಕೆ ಇಳಿಯಿತು. ಬಳಿಕ ವೈದ್ಯರ ಸೂಚನೆಯಂತೆ ಹಾಲನ್ನು ಮತ್ತೆ ಕೊಟ್ಟು ನೋಡಿದಾಗ ಮೂರನೆಯ ದಿನ ಕಿವಿ ಕೆಂಪಾಯಿತು. ಅಕ್ಕಿ, ರಾಗಿ, ಬೇಳೆಗಳನ್ನು ಎರಡೆರಡು ವಾರಕ್ಕೊಂದರಂತೆ ಕೊಟ್ಟಾಗ ಏನೂ ಆಗಲಿಲ್ಲ. ಹೀಗೆ ಹಾಲು ಮೊಸರುಗಳು ಮಲ್ಲಿಯ ತಟ್ಟೆಯಿಂದ ಶಾಶ್ವತವಾಗಿ ದೂರವಾದವು. ಈಗ ಅನ್ನ, ಬೇಳೆ, ತರಕಾರಿ, ಹಿತ್ತಲ ಒಲೆಯ ಮೊಟ್ಟೆ, ಜೊತೆಗೆ ವೈದ್ಯರು ಬರೆದುಕೊಟ್ಟ ಖನಿಜ ಮಿಶ್ರಣ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿಗಳು ನಾಯಿಗೆ ವಿಷಪ್ರಾಯವಾದುದರಿಂದ ನಮ್ಮ ಸಾರು ಪಲ್ಯಗಳು ಅದಕ್ಕೆ ಸಲ್ಲುವುದಿಲ್ಲ.

ಉಳಿದ ನವೆ ಹವೆಯದು. ಹವೆಯನ್ನು ಬದಲಿಸಲಾಗದು, ಚರ್ಮವನ್ನು ಕಾಪಾಡಬಹುದು. ಮನುಷ್ಯನ ಹೊರಚರ್ಮದಲ್ಲಿ ಹತ್ತಕ್ಕೂ ಹೆಚ್ಚು ಜೀವಕೋಶದ ಪದರಗಳಿದ್ದರೆ ನಾಯಿಯದರಲ್ಲಿ ಮೂರರಿಂದ ಐದು ಮಾತ್ರ. ನಮ್ಮ ಸಾಬೂನು ಅದಕ್ಕೆ ಒಗ್ಗದು. ಕ್ಲೋರ್‌ಹೆಕ್ಸಿಡಿನ್ ಇರುವ ನಾಯಿಯ ಶಾಂಪೂವನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುತ್ತೇವೆ. ಆ ಹತ್ತು ನಿಮಿಷವೇ ಮುಖ್ಯ. ಹಚ್ಚಿದೊಡನೆ ತೊಳೆದರೆ ಔಷಧ ಕೆಲಸ ಮಾಡದು. ಹೊರಗಿನಿಂದ ಬಂದೊಡನೆ ಪಾದ ತೊಳೆದು ಬೆರಳ ಸಂದು ಒರೆಸುತ್ತೇವೆ. ಬೇವಿನೆಣ್ಣೆ, ಹೊಂಗೆಯೆಣ್ಣೆಗಳನ್ನು ಸವರುವ ರೂಢಿ ನಮ್ಮಲ್ಲುಂಟು. ಆದರೆ ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ, ಹಚ್ಚಿದುದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಸೀಮೆಎಣ್ಣೆ, ಫಿನಾಯಿಲ್, ಕರ್ಪೂರಗಳ ಅಪಾಯವೂ ಇದೇ.

ಔಷಧಗಳ ಬಗ್ಗೆ ಒಂದು ಮಾತು. ಸ್ಟೆರಾಯ್ಡ್ ಚುಚ್ಚುಮದ್ದಿಗೆ ನವೆ ಒಂದೆರಡು ದಿನದಲ್ಲಿ ಅಡಗುತ್ತದೆ. ಅದಕ್ಕೇ ಜನ ಅದನ್ನು ಕೇಳಿ ಹಾಕಿಸುವರು. ತಕ್ಕ ಸಮಯದಲ್ಲಿ ಅದು ಒಳ್ಳೆಯ ಮದ್ದೇ. ಆದರೆ ಕಾರಣ ಹುಡುಕದೆ ಮತ್ತೆ ಮತ್ತೆ ಹಾಕಿಸಿದರೆ ಅತಿ ಬಾಯಾರಿಕೆ, ಬೊಜ್ಜು, ಸೋಂಕು, ಸಿಹಿಮೂತ್ರಗಳಿಗೆ ದಾರಿಯಾಗುತ್ತದೆ. ಬಹುಕಾಲ ಕೊಟ್ಟ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ೨೦೧೩ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಕ್ಲಾಸಿಟಿನಿಬ್ ಎಂಬ ಮಾತ್ರೆ ನವೆಯ ಸಂಕೇತವನ್ನೇ ತಡೆಯುವ ಬೇರೆ ಬಗೆಯದು. ಅದನ್ನು ಮಲ್ಲಿಗೆ ಮಳೆಗಾಲದ ಕೆಟ್ಟ ವಾರಗಳಲ್ಲಿ ಮಾತ್ರ, ವೈದ್ಯರ ಚೀಟಿಯಂತೆ ಕೊಡುತ್ತೇವೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬಗೆಹರಿಯದ ಸಂಗತಿಗಳಿಗೆ ನಮ್ಮ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಹತ್ತಿರವಿದೆ.

ಇಂತಹ ಪ್ರಾಣಿಯುಳ್ಳ ಗೃಹಸ್ಥರಿಗೆ ನಮ್ಮ ವಿನಂತಿ ಇಷ್ಟೇ: ಹೇಸುವ ಮೊದಲು ಪರೀಕ್ಷಿಸಿರಿ, ಹಚ್ಚುವ ಮೊದಲು ಕೇಳಿರಿ, ಬೇಸರಿಸುವ ಮೊದಲು ಬರೆದಿಡಿರಿ. ಈ ನೇಮದಿಂದ ನಾಯಿಗೆ ಮಾತ್ರವಲ್ಲ, ಮನೆಯ ಮಕ್ಕಳಿಗೂ ಲಾಭವುಂಟು. ಗುಣವಾಗದೆಂದು ತಿಳಿದ ಮೇಲೂ ಕೈಬಿಡದೆ ನೋಡಿಕೊಳ್ಳುವುದು ಹೇಗೆಂಬುದನ್ನು ಅವರು ಪುಸ್ತಕದಿಂದ ಕಲಿಯಲಾರರು. ಕ್ಯಾಲೆಂಡರಿನ ಅಂಕವನ್ನು ಈಗ ನಮ್ಮ ಕಿರಿಯ ಮೊಮ್ಮಗಳೇ ಬರೆಯುತ್ತಾಳೆ. ಬಹುತೇಕ ದಿನ ಅದು ೩, ಒಮ್ಮೊಮ್ಮೆ ೨. ಸೊನ್ನೆಯನ್ನು ನಾವು ನಿರೀಕ್ಷಿಸುವುದಿಲ್ಲ. ರಾತ್ರಿ ಗೆಜ್ಜೆ ಸದ್ದು ಮಾಡದಿದ್ದರೆ ಅಷ್ಟೇ ಸಾಕು.